ಕಸ್ಟರ್ ಸ್ಟೇಟ್ ಪಾರ್ಕ್: ಬೈಕ್‌ಗೆ ಟೆಂಟ್ ಕಟ್ಟಿಕೊಂಡು ಹೋಗುವವರ ಕಣ್ಣಲ್ಲಿ

ಬೈಕ್‌ನಲ್ಲಿ ಕ್ಯಾಂಪಿಂಗ್ ಹೋಗುವ ನಮ್ಮಂಥವರಿಗೆ ಸ್ಟೇಟ್ ಪಾರ್ಕ್ (ರಾಜ್ಯ ಸರ್ಕಾರ ನೋಡಿಕೊಳ್ಳುವ ಉದ್ಯಾನ) ಅಂದರೆ ಹೆಚ್ಚಾಗಿ ರಾತ್ರಿ ಮಲಗುವ ಜಾಗ ಅಷ್ಟೇ. ದಿನವಿಡೀ ಹೈವೇಯಲ್ಲಿ ಓಡಿಸಿ, ಸಂಜೆ ಯಾವುದೋ ಪಾರ್ಕ್‌ಗೆ ಹೋಗಿ, ಕತ್ತಲಾಗುವ ಮುಂಚೆ ಟೆಂಟ್ ಹಾಕಿ, ಬೆಳಿಗ್ಗೆ ಎಲ್ಲ ಬಿಚ್ಚಿ ಮತ್ತೆ ಕಟ್ಟಿಕೊಂಡು ಹೊರಡುವುದು. ಅಮೆರಿಕದ ಸೌತ್ ಡಕೋಟಾ ರಾಜ್ಯದ ಕಸ್ಟರ್ ಸ್ಟೇಟ್ ಪಾರ್ಕ್‌ಗೆ ಮಾತ್ರ ಆ ಲೆಕ್ಕದಲ್ಲಿ ಹೋಗಬೇಡಿ. ಅಲ್ಲಿ ಒಂದೇ ರಾತ್ರಿ ಇದ್ದು ಹೊರಟರೆ ಆ ಪಾರ್ಕ್ ನಿಮಗೆ ಸಿಕ್ಕೇ ಇಲ್ಲ ಅಂತ ಅರ್ಥ. ಕಡಿಮೆ ಅಂದರೂ ಎರಡು ರಾತ್ರಿ ಒಂದೇ ಸೈಟ್‌ನಲ್ಲಿ (ಟೆಂಟ್ ಹಾಕಲು ಕೊಡುವ ಜಾಗದಲ್ಲಿ) ಇರಬೇಕು, ಮೂರಾದರೆ ಇನ್ನೂ ಒಳ್ಳೆಯದು. ಯಾಕೆಂದರೆ ಇಲ್ಲಿ ನೋಡಬೇಕಾದ್ದು ರಸ್ತೆಗಳನ್ನು. ಆ ರಸ್ತೆಗಳನ್ನು ಸಾಮಾನು ಹೇರಿಕೊಂಡ ಬೈಕ್‌ನಲ್ಲಿ ಅಲ್ಲ, ಎಲ್ಲ ಇಳಿಸಿದ ಹಗುರ ಬೈಕ್‌ನಲ್ಲಿ ಓಡಿಸಬೇಕು.

ಪಾರ್ಕ್ ಇರುವುದು ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ. ಸುಮಾರು 71,000 ಎಕರೆ, ಆ ರಾಜ್ಯದ ಅತಿ ದೊಡ್ಡ ಸ್ಟೇಟ್ ಪಾರ್ಕ್. ಉತ್ತರಕ್ಕೆ ಹೋದರೆ ಗ್ರಾನೈಟ್ ಬಂಡೆ ಮತ್ತು ಪೈನ್ ಕಾಡು, ದಕ್ಷಿಣಕ್ಕೆ ಇಳಿದರೆ ಹುಲ್ಲುಗಾವಲು. ಒಂದೇ ಪಾರ್ಕ್ ಒಳಗೆ ಎರಡು ಬೇರೆ ನಾಡುಗಳು ಇದ್ದ ಹಾಗಿದೆ. ಇದನ್ನು ಕಟ್ಟಲು ಓಡಾಡಿದ ಮನುಷ್ಯ ಪೀಟರ್ ನಾರ್ಬೆಕ್. ಮೊದಲು ರಾಜ್ಯದ ಗವರ್ನರ್ ಆಗಿದ್ದವರು, ಆಮೇಲೆ ಸೆನೆಟರ್. ರಸ್ತೆ ಎಲ್ಲಿ ಹೋಗಬೇಕು ಅಂತ ಈ ಬಂಡೆಗಳ ನಡುವೆ ನಡೆದು, ಕುದುರೆ ಮೇಲೆ ಓಡಾಡಿ ಅವರೇ ಗುರುತು ಮಾಡಿದರು. ಬೇಗ ತಲುಪಿಸುವುದು ಆ ರಸ್ತೆಯ ಉದ್ದೇಶವೇ ಆಗಿರಲಿಲ್ಲ. ಜನ ನಿಧಾನವಾಗಿ ಹೋಗಲಿ, ಪ್ರತಿ ತಿರುವಿನಲ್ಲೂ ಏನಾದರೂ ಕಾಣಲಿ ಅನ್ನುವುದೇ ಉದ್ದೇಶ. ನೂರು ವರ್ಷ ಕಳೆದ ಮೇಲೂ ಬೈಕ್ ಮೇಲೆ ಕೂತವರಿಗೆ ಅದು ಮೈಗೇ ಗೊತ್ತಾಗುತ್ತದೆ.

ನೀಡಲ್ಸ್ ಹೈವೇಯಿಂದ ಶುರು ಮಾಡುತ್ತೇನೆ. 1922ರಲ್ಲಿ ಮುಗಿದ ರಸ್ತೆ, ಉದ್ದ 14 ಮೈಲಿ ಮಾತ್ರ. ಆದರೆ ಈ 14 ಮೈಲಿಗೆ ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಿ. ಸೂಜಿಗಳ ಹಾಗೆ ಎದ್ದು ನಿಂತ ಗ್ರಾನೈಟ್ ಕಂಬಗಳ ನಡುವೆ ರಸ್ತೆ ನುಸುಳಿ ಹೋಗುತ್ತದೆ. ನೀಡಲ್ಸ್ ಐ ಅನ್ನುವ ಸುರಂಗದ ಅಗಲ ಬರೀ 8 ಅಡಿ. ಕಾರಿನವರು ಕನ್ನಡಿ ಮಡಚಿಕೊಂಡು ಹೋಗುವ ಜಾಗ. ಬೈಕ್‌ಗೆ ಅಗಲದ ಚಿಂತೆ ಇಲ್ಲ, ಚಿಂತೆ ಇರುವುದು ಬೇರೆ ಕಡೆ. ಬಿಸಿಲಿನಿಂದ ಒಮ್ಮೆಲೇ ಕತ್ತಲಿಗೆ ನುಗ್ಗುತ್ತೀರಿ, ಹೆಲ್ಮೆಟ್‌ಗೆ ಕಪ್ಪು ವೈಸರ್ (ಮುಖದ ಮುಂದಿನ ಗಾಜು) ಹಾಕಿದ್ದರೆ ಒಂದೆರಡು ಕ್ಷಣ ಏನೂ ಕಾಣುವುದಿಲ್ಲ, ನೆಲ ಒದ್ದೆ ಇರಬಹುದು, ಎದುರಿನಿಂದ ಯಾರೋ ಆಗಲೇ ಒಳಗೆ ಬಂದಿರಬಹುದು. ಸುರಂಗದ ಮುಂಚೆ ನಿಲ್ಲಿಸಿ, ಹಾರ್ನ್ ಹೊಡೆದು, ಆ ಕಡೆ ಖಾಲಿ ಇದೆ ಅಂತ ನೋಡಿಕೊಂಡೇ ಹೋಗಿ. ವೈಸರ್ ಎತ್ತಿಕೊಳ್ಳಿ.

ಇಲ್ಲಿ ಹೇರ್‌ಪಿನ್ ತಿರುವುಗಳು ನಿಜವಾಗಿ ಬಿಗಿಯಾಗಿವೆ. ಫಸ್ಟ್ ಗೇರ್, ಕ್ಲಚ್ ಅರ್ಧ, ಹಿಂದಿನ ಬ್ರೇಕ್ ಮೇಲೆ ಕಾಲು ಹಗುರವಾಗಿ, ಕಣ್ಣು ತಿರುವಿನ ಆಚೆ. ಹಿಂದೆ ಟೆಂಟ್, ಮಲಗುವ ಚೀಲ, ಎರಡು ತುಂಬಿದ ಪ್ಯಾನಿಯರ್ (ಬೈಕ್‌ನ ಪಕ್ಕಕ್ಕೆ ಹಾಕುವ ಪೆಟ್ಟಿಗೆ), ಮೇಲೊಂದು ಡ್ರೈ ಬ್ಯಾಗ್ (ನೀರು ಹೋಗದ ಚೀಲ) ಇದ್ದರೆ ಮುಂದಿನ ಚಕ್ರ ಹಗುರಾಗುತ್ತದೆ, ನಿಧಾನದ ತಿರುವಿನಲ್ಲಿ ಬೈಕ್ ಹೊರಗೆ ಹೊರಗೆ ಹೋಗಲು ನೋಡುತ್ತದೆ. ಅದೇ ತಿರುವನ್ನು ಖಾಲಿ ಬೈಕ್‌ನಲ್ಲಿ ತೆಗೆದುಕೊಂಡು ನೋಡಿ. ಬೇರೆಯದೇ ರಸ್ತೆ ಅನಿಸುತ್ತದೆ. ಒಂದೇ ಸೈಟ್‌ನಲ್ಲಿ ಎರಡು ರಾತ್ರಿ ಇರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಮಳೆ ಬಂದ ಮರುದಿನ ಮಾತ್ರ ಜೋಪಾನ, ಬೆಟ್ಟದಿಂದ ಸಣ್ಣ ಜಲ್ಲಿ ಹರಿದು ಬಂದು ಸರಿಯಾಗಿ ತಿರುವಿನ ಒಳಭಾಗದಲ್ಲೇ ಕೂತಿರುತ್ತದೆ.

ಐರನ್ ಮೌಂಟನ್ ರೋಡ್ ಇನ್ನೊಂದು. ಯುಎಸ್ 16ಎ, ಸುಮಾರು 17 ಮೈಲಿ, 314 ತಿರುವುಗಳು ಅಂತ ಬೋರ್ಡಿನಲ್ಲೇ ಲೆಕ್ಕ ಕೊಡುತ್ತಾರೆ. ಇದರಲ್ಲಿ ನನಗೆ ಹುಚ್ಚು ಹಿಡಿಸಿದ್ದು ಮರದ ಸೇತುವೆಗಳು. ಪಿಗ್‌ಟೇಲ್ ಬ್ರಿಡ್ಜ್ ಅನ್ನುತ್ತಾರೆ. ಕಡಿದಾದ ಇಳಿಜಾರಿನಲ್ಲಿ ರಸ್ತೆ ಸುರುಳಿ ಸುತ್ತಿ, ತನ್ನದೇ ಕೆಳಗೆ ತಾನು ನುಸುಳಿ ಮೇಲೆ ಬರುತ್ತದೆ. ಅಂಥವು ಮೂರು ಇವೆ. ಮೂರು ಸುರಂಗಗಳೂ ಇವೆ, ಅವನ್ನು ಕೊರೆದ ರೀತಿ ಹೇಗಿದೆ ಅಂದರೆ ಸುರಂಗದ ಆ ಬಾಯಿಯಲ್ಲಿ ದೂರದ ಮೌಂಟ್ ರಶ್‌ಮೋರ್ ಬೆಟ್ಟದಲ್ಲಿ ಕೆತ್ತಿದ ನಾಲ್ವರು ಅಮೆರಿಕ ಅಧ್ಯಕ್ಷರ ಮುಖಗಳು ಚೌಕಟ್ಟು ಹಾಕಿದ ಚಿತ್ರದಂತೆ ಕಾಣುತ್ತವೆ. ಆದರೆ ಅದು ಕಾಣಬೇಕಾದರೆ ನೀವು ಪಾರ್ಕ್ ಕಡೆಯಿಂದ ರಶ್‌ಮೋರ್ ಕಡೆಗೆ, ಅಂದರೆ ಉತ್ತರಕ್ಕೆ ಹೋಗುತ್ತಿರಬೇಕು. ಎದುರು ದಿಕ್ಕಿನಿಂದ ಬಂದವರಿಗೆ ಅದು ಕನ್ನಡಿಯಲ್ಲಿ ಮಾತ್ರ. ಪಾರ್ಕ್ ಒಳಗೆ ಟೆಂಟ್ ಹಾಕಿಕೊಂಡಿದ್ದರೆ ಬೆಳಿಗ್ಗೆ ಎದ್ದು ಸರಿಯಾದ ದಿಕ್ಕಿನಲ್ಲೇ ಹೊರಡಬಹುದು, ಟೂರಿಸ್ಟ್ ಕಾರುಗಳು ಏಳುವ ಮುಂಚೆ. ಇದು ಪಾರ್ಕ್ ಒಳಗೆ ಇರುವುದರ ದೊಡ್ಡ ಲಾಭ. ಊರಿನ ಮೋಟೆಲ್‌ನಿಂದ ತಿಂಡಿ ಮುಗಿಸಿ ಬರುವಷ್ಟರಲ್ಲಿ ನಿಮ್ಮ ಮುಂದೆ ಆರ್‌ವಿ (ಒಳಗೆ ಮನೆಯಂತೆ ಮಾಡಿದ ದೊಡ್ಡ ಗಾಡಿ) ಒಂದು ಬಂದಿರುತ್ತದೆ.

ಇನ್ನು ವೈಲ್ಡ್‌ಲೈಫ್ ಲೂಪ್, 18 ಮೈಲಿ, ದಕ್ಷಿಣದ ಹುಲ್ಲುಗಾವಲಿನಲ್ಲಿ ಸುತ್ತಿ ಬರುವ ರಸ್ತೆ. ತಿರುವುಗಳ ಮಜಾ ಕಡಿಮೆ, ಆದರೆ ಬೈಕ್‌ನವರು ತುಂಬಾ ಗಂಭೀರವಾಗಿ ತೆಗೆದುಕೊಳ್ಳಬೇಕಾದ ರಸ್ತೆ ಇದೇ. ಇಲ್ಲಿ ಸಾವಿರಕ್ಕೂ ಹೆಚ್ಚು ಬೈಸನ್‌ಗಳ (ನಮ್ಮ ಕಾಡುಕೋಣದಂಥ ದೊಡ್ಡ ಪ್ರಾಣಿ, ಅಲ್ಲಿ ಬಫಲೋ ಅಂತಲೂ ಕರೆಯುತ್ತಾರೆ) ಹಿಂಡು ಇದೆ. 1914ರಲ್ಲಿ ಸ್ಕಾಟಿ ಫಿಲಿಪ್ ಅವರ ರ‍್ಯಾಂಚ್‌ನಿಂದ ತಂದ 36 ಪ್ರಾಣಿಗಳಿಂದ ಬೆಳೆದ ಹಿಂಡು ಇದು. ಆ ಕಾಲಕ್ಕೆ ಬೈಸನ್ ಅಮೆರಿಕದಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು, ಹಾಗಾಗಿ ಇವತ್ತು ರಸ್ತೆಗೆ ಅಡ್ಡ ನಿಂತು ನಮ್ಮನ್ನು ಅರ್ಧ ಗಂಟೆ ಕಾಯಿಸಿದರೂ ಬೇಸರ ಆಗುವುದಿಲ್ಲ, ಖುಷಿಯೇ ಆಗುತ್ತದೆ. ಗಂಡು ಬೈಸನ್ 2,000 ಪೌಂಡ್ ತೂಗಬಲ್ಲದು, ಗಂಟೆಗೆ 35 ಮೈಲಿ ವೇಗದಲ್ಲಿ ಓಡಬಲ್ಲದು. ಕಾರಿನವರಿಗೆ ಸುತ್ತ ತಗಡಾದರೂ ಇದೆ. ನಮಗೆ ಏನಿದೆ?

ನಾನು ಪಾಲಿಸುವ ಕ್ರಮ ಹೀಗೆ. ಹಿಂಡು ಕಂಡ ಕೂಡಲೇ ದೂರದಲ್ಲೇ ನಿಲ್ಲುತ್ತೇನೆ, ತಿರುಗಿಸಿಕೊಳ್ಳಲು ಜಾಗ ಇರುವ ಕಡೆ. ಹಿಂದಿನಿಂದ ಕಾರೋ ಟ್ರಕ್ಕೋ ಬಂದರೆ ಅದನ್ನು ಮುಂದೆ ಬಿಟ್ಟು, ಅದರ ಪಕ್ಕಕ್ಕೆ ಸೇರಿಕೊಂಡು ಹೋಗುತ್ತೇನೆ. ಹಾರ್ನ್ ಇಲ್ಲ, ಎಕ್ಸಲರೇಟರ್ ತಿರುವಿ ಸದ್ದು ಮಾಡುವುದು ಅಂತೂ ಇಲ್ಲವೇ ಇಲ್ಲ. ತಾಯಿ ಮತ್ತು ಕರುವಿನ ನಡುವೆ ಹೋಗುವುದಿಲ್ಲ. ಬಾಲ ಮೇಲಕ್ಕೆ ಎತ್ತಿ ನಿಂತರೆ ಅದಕ್ಕೆ ಸಿಟ್ಟು ಬಂದಿದೆ ಅಂತ ಲೆಕ್ಕ, ಆಗ ಫೋಟೋ ಗೀಟೋ ಬಿಟ್ಟು ಹಿಂದಕ್ಕೆ ಹೋಗಬೇಕು. ಜುಲೈ ಮತ್ತು ಆಗಸ್ಟ್ ಅವುಗಳ ಬೆದೆ ಕಾಲ, ಗಂಡುಗಳು ಗುಡುಗಿದಂತೆ ಸದ್ದು ಮಾಡುತ್ತಾ, ನೆಲದಲ್ಲಿ ಹೊರಳುತ್ತಾ, ಒಂದನ್ನೊಂದು ಗುದ್ದುತ್ತಾ ಇರುತ್ತವೆ. ಬೈಕ್‌ನವರು ಇಲ್ಲಿಗೆ ಅತಿ ಹೆಚ್ಚು ಬರುವುದೂ ಅದೇ ಆಗಸ್ಟ್‌ನಲ್ಲಿ. ಇದು ತಿಳಿದಿರಬೇಕಾದ ವಿಷಯ ಅಲ್ವಾ? ಮುಸ್ಸಂಜೆ ಹೊತ್ತಿಗೆ ಜಿಂಕೆಗಳೂ ರಸ್ತೆಗೆ ಬರುತ್ತವೆ, ಕತ್ತಲಾದ ಮೇಲೆ ಈ ಲೂಪ್‌ನಲ್ಲಿ ಬೈಕ್ ಓಡಿಸುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಹಾಂ, ಕತ್ತೆಗಳೂ ಇವೆ. ಜನರಿಗೆ ಒಗ್ಗಿಹೋಗಿವೆ, ತಿಂಡಿ ಸಿಗುತ್ತದೆಯೇ ಅಂತ ಬಂದು ಕಾರಿನ ಕಿಟಕಿಯೊಳಗೆ ತಲೆ ಹಾಕುತ್ತವೆ. ಬೈಕ್‌ನಲ್ಲಿ ಟ್ಯಾಂಕ್ ಬ್ಯಾಗ್‌ನೊಳಗೆ ತಿನ್ನುವ ವಸ್ತು ಇಟ್ಟಿದ್ದರೆ ಅದರ ಕಡೆ ಗಮನ ಇರಲಿ.

ಈಗ ಮಲಗುವ ಜಾಗದ ಮಾತು. ಪಾರ್ಕ್ ಒಳಗೆ ಹಲವು ಕ್ಯಾಂಪ್‌ಗ್ರೌಂಡ್‌ಗಳಿವೆ, ಎಲ್ಲವೂ ಒಂದೇ ತರಹ ಅಲ್ಲ. ನನ್ನ ಮೊದಲ ಆಯ್ಕೆ ಸಿಲ್ವನ್ ಲೇಕ್. 6,000 ಅಡಿಗಿಂತ ಎತ್ತರದಲ್ಲಿದೆ, ನೀಡಲ್ಸ್ ಹೈವೇ ಪಕ್ಕದಲ್ಲೇ. ಕೆರೆ ಅಂದರೆ ಸುತ್ತಲೂ ದುಂಡನೆಯ ದೊಡ್ಡ ಬಂಡೆಗಳು ನೀರಿನಿಂದಲೇ ಎದ್ದು ನಿಂತಿರುವ ಕೆರೆ. 1881ರಲ್ಲಿ ಅಣೆಕಟ್ಟು ಕಟ್ಟಿ ಮಾಡಿದ್ದು, ನೋಡಿದರೆ ಮನುಷ್ಯ ಮಾಡಿದ್ದು ಅಂತ ಅನಿಸುವುದೇ ಇಲ್ಲ. ಇಲ್ಲಿನ ಕ್ಯಾಂಪ್‌ಗ್ರೌಂಡ್ ದಾರಿಗಳು ಇಕ್ಕಟ್ಟು, ಸೈಟ್‌ಗಳು ಚಿಕ್ಕವು, ದೊಡ್ಡ ಆರ್‌ವಿಗಳಿಗೆ ಇದು ಹೇಳಿ ಮಾಡಿಸಿದ ಜಾಗ ಅಲ್ಲ. ನಮಗೆ ಬೇಕಾದ್ದೂ ಅದೇ ತಾನೇ. ಬೈಕ್‌ಗೆ ಮತ್ತು ಒಂದು ಸಣ್ಣ ಟೆಂಟ್‌ಗೆ ಎಷ್ಟು ಜಾಗ ಬೇಕು? ತೊಂದರೆ ಒಂದೇ, ಸೈಟ್‌ಗಳು ಒತ್ತೊತ್ತಾಗಿವೆ, ಪಕ್ಕದವರ ಮಾತು ನಿಮ್ಮ ಟೆಂಟ್‌ಗೆ ಕೇಳುತ್ತದೆ. ಮತ್ತೆ ಇದು ಬೇಗ ಭರ್ತಿಯಾಗುತ್ತದೆ.

ಎರಡನೆಯದು ಸೆಂಟರ್ ಲೇಕ್. ಕರೆಂಟ್ ಇಲ್ಲದ ಸೈಟ್‌ಗಳು. ಕರೆಂಟ್ ಇಲ್ಲದಿದ್ದರೆ ದೊಡ್ಡ ಗಾಡಿಗಳು ಕಡಿಮೆ, ಗಾಡಿಗಳು ಕಡಿಮೆ ಆದರೆ ಸದ್ದು ಕಡಿಮೆ, ಟೆಂಟ್‌ನವರಿಗೆ ಇದಕ್ಕಿಂತ ಸರಳ ಸೂತ್ರ ಇಲ್ಲ. ಫೋನ್ ಚಾರ್ಜ್ ಬೈಕ್‌ನಲ್ಲೇ ಆಗುತ್ತದೆ. ಗ್ರೇಸ್ ಕೂಲಿಡ್ಜ್ ಕ್ಯಾಂಪ್‌ಗ್ರೌಂಡ್ ಹೊಳೆ ಪಕ್ಕದಲ್ಲಿದೆ, ರಾತ್ರಿ ನೀರಿನ ಸದ್ದು ಕೇಳುತ್ತಾ ಮಲಗಬೇಕು ಅನ್ನುವವರಿಗೆ ಇದು. ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ 1927ರ ಬೇಸಿಗೆಯನ್ನು ಇಲ್ಲಿನ ಗೇಮ್ ಲಾಡ್ಜ್‌ನಲ್ಲಿ ಕಳೆದರು, ಈ ಹೆಸರು ಅವರ ಹೆಂಡತಿಯದು. ಗೇಮ್ ಲಾಡ್ಜ್ ಕ್ಯಾಂಪ್‌ಗ್ರೌಂಡ್ ಕೆಳಗಿನ ಎತ್ತರದಲ್ಲಿರುವುದರಿಂದ ಸ್ವಲ್ಪ ಬೆಚ್ಚಗೆ, ವೈಲ್ಡ್‌ಲೈಫ್ ಲೂಪ್ ಪಕ್ಕದಲ್ಲೇ, ಆದರೆ ಆರ್‌ವಿಗಳು ಜಾಸ್ತಿ. ಬೈಸನ್ ಒಂದೊಂದು ಸಲ ಕ್ಯಾಂಪ್‌ಗ್ರೌಂಡ್ ಒಳಗೇ ನಡೆದು ಬರುವುದುಂಟು. ಬ್ಲೂ ಬೆಲ್ ಪೈನ್ ಮರಗಳ ನಡುವೆ ಚೆನ್ನಾಗಿದೆ. ಸ್ಟಾಕೇಡ್ ಲೇಕ್ ಕಸ್ಟರ್ ಊರಿಗೆ ಹತ್ತಿರ, ಸಾಮಾನು ತರಲು ಅನುಕೂಲ. ಲೀಜನ್ ಲೇಕ್ ನಟ್ಟನಡುವೆ ಇದೆ, ಎಲ್ಲ ಕಡೆಗೂ ಸಮ ದೂರ.

ಲೀಜನ್ ಲೇಕ್ ಹೆಸರಲ್ಲೇ ಒಂದು ಕಾಡ್ಗಿಚ್ಚೂ ಇದೆ. 2017ರ ಡಿಸೆಂಬರ್‌ನಲ್ಲಿ ಕರೆಂಟ್ ತಂತಿ ಮೇಲೆ ಮರ ಬಿದ್ದು ಹತ್ತಿದ ಬೆಂಕಿ ಸುಮಾರು 54,000 ಎಕರೆ ಸುಟ್ಟಿತು, ಪಾರ್ಕ್‌ನ ದೊಡ್ಡ ಭಾಗವೂ ಅದರಲ್ಲಿ ಸೇರಿತ್ತು. ಇವತ್ತಿಗೂ ದಕ್ಷಿಣದ ಕಡೆ ಸುಟ್ಟ ಮರಗಳು ನಿಂತಿರುವುದು ಕಾಣುತ್ತದೆ. ಪೈನ್ ಬೀಟಲ್ ಹುಳ ತಿಂದು ಒಣಗಿದ ಮರಗಳು ಬೇರೆ. ಟೆಂಟ್ ಹಾಕುವ ಮುಂಚೆ ತಲೆ ಎತ್ತಿ ನೋಡಿ. ಒಣ ಮರ ಅಥವಾ ಮುರಿದು ತೂಗುತ್ತಿರುವ ಕೊಂಬೆ ಇದ್ದರೆ ಟೆಂಟನ್ನೂ ಬೈಕನ್ನೂ ಅದರ ಕೆಳಗೆ ಇಡಬೇಡಿ, ಗಾಳಿ ಇಲ್ಲದ ರಾತ್ರಿಯಲ್ಲೂ ಅವು ಬೀಳುತ್ತವೆ.

ಸೈಟ್ ಹೇಗಿರುತ್ತದೆ? ಒಂದು ಜಲ್ಲಿ ಅಥವಾ ಟಾರ್ ಹಾಕಿದ ಪ್ಯಾಡ್, ಒಂದು ಪಿಕ್ನಿಕ್ ಟೇಬಲ್, ಬೆಂಕಿ ಹಾಕಲು ಕಬ್ಬಿಣದ ಗ್ರೇಟ್. ಸ್ವಚ್ಛತೆಗೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಈ ಪ್ಯಾಡ್‌ಗಳನ್ನು ಯೋಚಿಸಿರುವುದು ಗಾಡಿ ನಿಲ್ಲಿಸುವವರಿಗಾಗಿ, ಇದನ್ನು ತಿಳಿದೇ ಸಾಮಾನು ಕಟ್ಟಬೇಕು. ಜಲ್ಲಿ ಕೆಳಗೆ ನೆಲ ಗಟ್ಟಿ, ತೆಳು ಅಲ್ಯೂಮಿನಿಯಂ ಗೂಟ ಬಾಗಿಹೋಗುತ್ತದೆ. ಹಾಗಾಗಿ ಗೂಟ ಇಲ್ಲದೆಯೂ ತಾನಾಗಿ ನಿಲ್ಲುವ ಟೆಂಟ್ ತನ್ನಿ, ಟ್ರೆಕ್ಕಿಂಗ್ ಕೋಲಿನ ಮೇಲೆ ನಿಲ್ಲುವ ಹಗುರ ಟೆಂಟ್ ಇಲ್ಲಿ ಕಷ್ಟ ಕೊಡುತ್ತದೆ. ನಾಲ್ಕೈದು ಗಟ್ಟಿ ಉಕ್ಕಿನ ಗೂಟಗಳು, ಕಲ್ಲಿಗೆ ಸುತ್ತಿ ಕಟ್ಟಲು ಒಂದಿಷ್ಟು ದಾರ, ಟೆಂಟ್ ಅಡಿಗೆ ಹಾಸಲು ಒಂದು ದಪ್ಪ ಹಾಳೆ. ಟೆಂಟ್ ಕೊಳ್ಳುವಾಗ ತೂಕಕ್ಕಿಂತ ಮೊದಲು ಮಡಚಿದ ಕೋಲಿನ ಉದ್ದ ನೋಡಿ. ಬೆನ್ನ ಮೇಲೆ ಹೊರುವವರಿಗೆ ತೂಕ ಮುಖ್ಯ, ನಮಗೆ ಅದು ಪ್ಯಾನಿಯರ್ ಒಳಗೆ ಅಡ್ಡಲಾಗಿ ಕೂರುತ್ತದೆಯೇ ಅನ್ನುವುದು ಮುಖ್ಯ.

ಬೈಕ್ ನಿಲ್ಲಿಸುವುದು ಇನ್ನೊಂದು ವಿದ್ಯೆ. ಬರೀ ಸೈಡ್ ಸ್ಟ್ಯಾಂಡ್ ಮೇಲೆ ಜಲ್ಲಿಯಲ್ಲಿ ನಿಲ್ಲಿಸಿದರೆ, ಸಾಮಾನು ಇಳಿಸುವಾಗ ಭಾರ ಆ ಕಡೆ ಈ ಕಡೆ ಹೊರಳಿ ಸ್ಟ್ಯಾಂಡ್ ನಿಧಾನವಾಗಿ ಒಳಗಿಳಿಯುತ್ತದೆ, ಅರ್ಧ ರಾತ್ರಿಯಲ್ಲಿ ಬೈಕ್ ಮಲಗಿರುತ್ತದೆ. ಸ್ಟ್ಯಾಂಡ್ ಅಡಿಗೆ ಇಡುವ ಪ್ಲಾಸ್ಟಿಕ್ ಬಿಲ್ಲೆ ಸಿಗುತ್ತದೆ, ಅದಿಲ್ಲದಿದ್ದರೆ ಚಪ್ಪಟೆ ಕಲ್ಲಾದರೂ ಸಾಕು. ಇಳಿಜಾರಿದ್ದರೆ ಮುಂಭಾಗ ಮೇಲಕ್ಕೆ ಮಾಡಿ, ಗೇರ್‌ನಲ್ಲಿ ಇಟ್ಟು ನಿಲ್ಲಿಸಿ. ಬೆಂಕಿಯಿಂದ ಬೈಕ್ ದೂರ ಇರಲಿ, ಟೆಂಟ್ ಕೂಡ ದೂರ ಇರಲಿ, ಪೈನ್ ಸೌದೆ ಉರಿಯುವಾಗ ಪಟಪಟ ಅಂತ ಕಿಡಿ ಹಾರಿಸುತ್ತದೆ, ನೈಲಾನ್‌ಗೆ ಒಂದು ಕಿಡಿ ಸಾಕು ತೂತು ಬೀಳಲು.

ಸೌದೆ ವಿಷಯಕ್ಕೆ ಬಂದರೆ, ದೂರದಿಂದ ಹೊತ್ತು ತರಬೇಡಿ. ಬೈಕ್‌ನಲ್ಲಿ ಯಾರು ತರುತ್ತಾರೆ ಅನ್ನಬಹುದು, ದಾರಿಯಲ್ಲಿ ಕಟ್ಟು ಕೊಂಡು ಹಿಂದೆ ಬಿಗಿದುಕೊಂಡು ಬರುವವರನ್ನು ನೋಡಿದ್ದೇನೆ. ಸೌದೆ ಜೊತೆ ಹುಳವೂ ಬರುತ್ತದೆ, ಈ ಕಾಡು ಆಗಲೇ ಹುಳದಿಂದ ಸಾಕಷ್ಟು ಕಳೆದುಕೊಂಡಿದೆ. ಅಲ್ಲೇ ಹತ್ತಿರದಲ್ಲಿ ಕೊಳ್ಳಿ. ಬ್ಲ್ಯಾಕ್ ಹಿಲ್ಸ್‌ನಲ್ಲಿ ಕಂಡಕಂಡಲ್ಲಿ ಬೆಂಕಿ ಹಾಕುವಂತಿಲ್ಲ, ಕ್ಯಾಂಪ್‌ಗ್ರೌಂಡ್‌ನ ಗ್ರೇಟ್ ಒಳಗೆ ಮಾತ್ರ, ಅದೂ ಒಣ ದಿನಗಳಲ್ಲಿ ನಿಷೇಧ ಆಗಬಹುದು. ಅದಕ್ಕೇ ಅಡುಗೆಗೆ ಬೆಂಕಿಯನ್ನು ನಂಬಿಕೊಳ್ಳದೆ ಸಣ್ಣ ಗ್ಯಾಸ್ ಸ್ಟೋವ್ ಇಟ್ಟುಕೊಳ್ಳಿ. ನೀರು ಕುದಿಸಿದರೆ ಸಾಕಾಗುವ ಊಟ, ಓಟ್ಸ್, ಅವಲಕ್ಕಿ, ಸೂಪ್, ಇಷ್ಟರಲ್ಲಿ ಎರಡು ದಿನ ಆರಾಮಾಗಿ ಕಳೆಯುತ್ತದೆ.

ಊಟದ ಸಾಮಾನು ರಾತ್ರಿ ಎಲ್ಲಿ ಇಡುವುದು ಅನ್ನುವುದು ಬೈಕ್‌ನವರಿಗೆ ಎಲ್ಲ ಕಡೆಯೂ ಇರುವ ತಲೆನೋವು. ಕಾರಿನವರು ಡಿಕ್ಕಿಗೆ ಹಾಕಿ ಬೀಗ ಹಾಕುತ್ತಾರೆ. ಇಲ್ಲಿ ಕರಡಿಗಳ ನೆಲೆ ಇಲ್ಲದ್ದರಿಂದ ಸ್ವಲ್ಪ ನೆಮ್ಮದಿ. ಮೌಂಟನ್ ಲಯನ್ ಇವೆ, ಅವು ಮನುಷ್ಯರ ಹತ್ತಿರ ಬರುವುದು ಅಪರೂಪ. ನಿಜವಾದ ಕಾಟ ರಕೂನ್ ಮತ್ತು ಅಳಿಲುಗಳದ್ದು. ಗಟ್ಟಿ ಅಲ್ಯೂಮಿನಿಯಂ ಪ್ಯಾನಿಯರ್ ಇದ್ದವರು ಅದರೊಳಗೆ ಬೀಗ ಹಾಕಿಡಬಹುದು. ಬಟ್ಟೆ ಬ್ಯಾಗ್ ಇದ್ದವರು ಮುಚ್ಚಳ ಬಿಗಿಯಾಗುವ ಡಬ್ಬಿ ತರಬೇಕು. ಟೆಂಟ್ ಒಳಗೆ ಮಾತ್ರ ತಿನ್ನುವ ಪದಾರ್ಥ ಬೇಡವೇ ಬೇಡ.

ಹವೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಪ್ರವಾಸ ಕೆಡುವುದು ಹೆಚ್ಚಾಗಿ ಅದರಿಂದಲೇ. ಬೇಸಿಗೆಯಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನದ ಮೇಲೆ ಬೆಟ್ಟಗಳ ಮೇಲೆ ಮೋಡ ಕಟ್ಟಿ ಸಿಡಿಲು, ಮಳೆ, ಆಲಿಕಲ್ಲು. ಸೌತ್ ಡಕೋಟಾದ ಆಲಿಕಲ್ಲು ಅಂದರೆ ಸಾಮಾನ್ಯದ್ದಲ್ಲ. ಅಮೆರಿಕದಲ್ಲಿ ದಾಖಲಾದ ಅತಿ ದೊಡ್ಡ ಆಲಿಕಲ್ಲು ಬಿದ್ದಿದ್ದು ಇದೇ ರಾಜ್ಯದ ವಿವಿಯನ್ ಎಂಬ ಊರಲ್ಲಿ, 2010ರ ಜುಲೈನಲ್ಲಿ, 8 ಇಂಚು ಅಡ್ಡಗಲ. ಅಂಥದ್ದು ಪ್ರತಿ ಸಲ ಬೀಳುವುದಿಲ್ಲ ನಿಜ, ಆದರೆ ಗೋಲಿ ಗಾತ್ರದ್ದು ಬಿದ್ದರೂ ಬೈಕ್ ಮೇಲೆ ಇರುವವರಿಗೆ ನರಕ. ಆದ್ದರಿಂದ ನೀಡಲ್ಸ್, ಐರನ್ ಮೌಂಟನ್ ಎರಡನ್ನೂ ಬೆಳಿಗ್ಗೆ ಮುಗಿಸಿ, ಮಧ್ಯಾಹ್ನ ಕ್ಯಾಂಪ್ ಹತ್ತಿರ ಇರುವ ಹಾಗೆ ದಿನ ಹಾಕಿಕೊಳ್ಳಿ. ಪಾರ್ಕ್ ಒಳಗೆ ಫೋನ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ, ಹವಾ ಮುನ್ಸೂಚನೆಯನ್ನು ಸಿಗ್ನಲ್ ಇರುವಾಗಲೇ ನೋಡಿಕೊಳ್ಳಿ, ನಕ್ಷೆಯನ್ನೂ ಇಳಿಸಿಕೊಂಡಿರಿ.

ರಾತ್ರಿ ಚಳಿ. ಜುಲೈನಲ್ಲೂ ಸಿಲ್ವನ್ ಲೇಕ್ ಹತ್ತಿರ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಬಹುದು, ಸೆಪ್ಟೆಂಬರ್‌ನಲ್ಲಿ ನೀರು ಹೆಪ್ಪುಗಟ್ಟುವ ಹತ್ತಿರಕ್ಕೂ ಹೋಗುತ್ತದೆ. ಮೈಗೆ ಹೊದೆಯುವುದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಕೆಳಗೆ ಹಾಸುವುದರ ಬಗ್ಗೆ ಯೋಚಿಸುವವರು ಕಡಿಮೆ. ಚಳಿ ಬರುವುದು ನೆಲದಿಂದ. ಮಲಗುವ ಪ್ಯಾಡ್‌ನ ಆರ್ ವ್ಯಾಲ್ಯೂ, ಅಂದರೆ ಚಳಿ ತಡೆಯುವ ಶಕ್ತಿಯ ಅಳತೆ, ಕನಿಷ್ಠ 3 ಇರಲಿ. ಡೌನ್ (ಹಕ್ಕಿಯ ಮೃದು ಪುಕ್ಕ) ತುಂಬಿದ ಮಲಗುವ ಚೀಲ ಚಿಕ್ಕದಾಗಿ ಮಡಚಿಕೊಳ್ಳುತ್ತದೆ, ಬೈಕ್‌ಗೆ ಅದೇ ಸರಿ, ಆದರೆ ಒದ್ದೆಯಾದರೆ ಕೆಲಸಕ್ಕೆ ಬಾರದು, ಹಾಗಾಗಿ ಅದಕ್ಕೆ ಬೇರೆಯೇ ನೀರು ಹೋಗದ ಚೀಲ ಬೇಕು. ಒದ್ದೆ ಟೆಂಟನ್ನು ಯಾವತ್ತೂ ಆ ಚೀಲದ ಜೊತೆ ಕಟ್ಟಬೇಡಿ, ಹೊರಗೆ ಬಿಗಿಯಿರಿ. ಬಿಗಿಯಲು ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಬೇಡ, ಬಕಲ್ ಇರುವ ಪಟ್ಟಿಯೇ ಬೇಕು. ಈ ತಿರುವುಗಳಲ್ಲಿ ಎಲಾಸ್ಟಿಕ್ ಜಗ್ಗಿ ಜಗ್ಗಿ ಚೀಲ ಪಕ್ಕಕ್ಕೆ ಜಾರುತ್ತದೆ.

ದುಡ್ಡಿನ ವಿಷಯ ಗೊಂದಲ ಆಗದಿರಲಿ. ಕ್ಯಾಂಪ್ ಸೈಟ್ ಬಾಡಿಗೆ ಬೇರೆ, ಪಾರ್ಕ್ ಪ್ರವೇಶದ ಲೈಸೆನ್ಸ್ ಬೇರೆ, ಎರಡೂ ಕೊಡಬೇಕು. ಯುಎಸ್ 16ಎ ಮೇಲೆ ಎಲ್ಲೂ ನಿಲ್ಲದೆ ದಾಟಿ ಹೋಗುವವರಿಗೆ ಮಾತ್ರ ಲೈಸೆನ್ಸ್ ಬೇಡ. ನೀಡಲ್ಸ್ ಮತ್ತು ವೈಲ್ಡ್‌ಲೈಫ್ ಲೂಪ್‌ಗೆ ಬೇಕೇ ಬೇಕು. ಒಬ್ಬರೇ ಹೋದರೆ ಸೈಟ್ ಬಾಡಿಗೆ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ, ನಲವತ್ತು ಅಡಿ ಆರ್‌ವಿಗೂ ನಿಮ್ಮ ಸಣ್ಣ ಟೆಂಟ್‌ಗೂ ಸೈಟ್ ಅಂದರೆ ಸೈಟೇ. ಇಬ್ಬರು ಮೂವರು ಗೆಳೆಯರು ಸೇರಿ ಒಂದು ಸೈಟ್ ಹಂಚಿಕೊಂಡರೆ ಹಗುರ, ಎಷ್ಟು ಬೈಕ್ ನಿಲ್ಲಿಸಬಹುದು ಅಂತ ಮಾತ್ರ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಇಲ್ಲಿನ ಸೈಟ್‌ಗಳನ್ನು ಒಂದು ವರ್ಷ ಮೊದಲೇ ಕಾದಿರಿಸಬಹುದು, ಬೇಸಿಗೆಗೆ ಜನ ಹಾಗೆ ಮಾಡುತ್ತಾರೆ ಕೂಡ. ಪೆಟ್ರೋಲ್ ಅನ್ನು ಕಸ್ಟರ್ ಅಥವಾ ಹಿಲ್ ಸಿಟಿಯಲ್ಲಿ ತುಂಬಿಸಿಕೊಂಡೇ ಒಳಗೆ ಬನ್ನಿ, ಫಸ್ಟ್ ಗೇರ್‌ನಲ್ಲಿ ಬೆಟ್ಟ ಹತ್ತಿ ಇಳಿಯುವ ದಿನ ಮೈಲೇಜ್ ಬೇರೆಯೇ ಇರುತ್ತದೆ.

ಸ್ಟರ್ಜಿಸ್ ರ‍್ಯಾಲಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಸ್ಟರ್ಜಿಸ್ ಊರಿನಲ್ಲಿ ಸೇರುವ ಬೈಕ್‌ನವರ ಜಾತ್ರೆ ಅದು, 1938ರಲ್ಲಿ ಶುರುವಾದದ್ದು, ಪ್ರತಿ ಆಗಸ್ಟ್‌ನಲ್ಲಿ ನಡೆಯುತ್ತದೆ, ಪಾರ್ಕ್‌ನಿಂದ ಉತ್ತರಕ್ಕೆ ಸುಮಾರು ಒಂದೂವರೆ ಗಂಟೆ ದಾರಿ. ಲಕ್ಷಗಟ್ಟಲೆ ಬೈಕ್‌ಗಳು ಬರುತ್ತವೆ, ಅವೆಲ್ಲಕ್ಕೂ ಈ ರಸ್ತೆಗಳೇ ಬೇಕು. ಆ ಜಾತ್ರೆಯಲ್ಲಿ ಸೇರುವ ಆಸೆ ಇದ್ದರೆ ಹೋಗಿ, ಅದರ ಸಂಭ್ರಮ ಅದಕ್ಕೇ ಇದೆ. ಕ್ಯಾಂಪಿಂಗ್‌ಗಾಗಿ ಬರುವವರು ಆ ವಾರ ಬಿಟ್ಟುಬಿಡಿ. ನೀಡಲ್ಸ್ ಐ ಮುಂದೆ ಸಾಲು ನಿಂತು, ಬಿಸಿ ಎಂಜಿನ್ ಮೇಲೆ ಕೂತು ಕಾಯುವುದು ಈ ರಸ್ತೆಗೆ ಮಾಡುವ ಅನ್ಯಾಯ. ಹೆಲ್ಮೆಟ್ ಈ ರಾಜ್ಯದಲ್ಲಿ 18 ತುಂಬದವರಿಗೆ ಮಾತ್ರ ಕಡ್ಡಾಯ, ಬಹಳ ಜನ ಬರಿ ತಲೆಯಲ್ಲೇ ಓಡಿಸುತ್ತಾರೆ. ನೀವು ಹಾಕಿಕೊಳ್ಳಿ. ಕಾನೂನು ಬಿಟ್ಟಿದ್ದರೂ ಗ್ರಾನೈಟ್ ಬಿಡುವುದಿಲ್ಲ. ಇನ್ನೊಂದು ಕೋರಿಕೆ, ಜೋರು ಸದ್ದಿನ ಸೈಲೆನ್ಸರ್ ಇದ್ದವರು ಬೆಳಗಿನ ಜಾವ ಕ್ಯಾಂಪ್‌ಗ್ರೌಂಡ್ ಒಳಗೆ ಎಂಜಿನ್ ಬಿಸಿ ಮಾಡುತ್ತಾ ನಿಲ್ಲಬೇಡಿ. ಸ್ಟಾರ್ಟ್ ಮಾಡಿ, ಮೆಲ್ಲಗೆ ಹೊರಟುಬಿಡಿ. ಟೆಂಟ್‌ಗೆ ಗೋಡೆ ಇರುವುದಿಲ್ಲ.

ಬೈಕ್ ಇಳಿದು ನಡೆಯಲು ಒಂದು ಬೆಳಿಗ್ಗೆ ಇಟ್ಟುಕೊಳ್ಳಿ. ಸಿಲ್ವನ್ ಲೇಕ್‌ನಿಂದ ಬ್ಲ್ಯಾಕ್ ಎಲ್ಕ್ ಪೀಕ್‌ಗೆ ಹತ್ತುವ ದಾರಿ ಇದೆ, ಹೋಗಿ ಬರಲು ಸುಮಾರು 7 ಮೈಲಿ. ಎತ್ತರ 7,242 ಅಡಿ, ರಾಜ್ಯದಲ್ಲೇ ಅತಿ ಎತ್ತರದ ತುದಿ, ಮೇಲೆ ಹಳೆಯ ಕಲ್ಲಿನ ಕಾವಲು ಗೋಪುರ. ರೈಡಿಂಗ್ ಬೂಟ್‌ನಲ್ಲಿ ಹತ್ತಲು ಹೋಗಬೇಡಿ, ಹಗುರ ಶೂ ಒಂದು ಜೊತೆ ಬ್ಯಾಗ್‌ನಲ್ಲಿ ಇರಲಿ. ಈ ಶಿಖರಕ್ಕೆ ಮೊದಲು ಹಾರ್ನಿ ಪೀಕ್ ಅಂತ ಒಬ್ಬ ಸೇನಾಧಿಕಾರಿಯ ಹೆಸರಿತ್ತು, 2016ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರ ಹಿರಿಯ ಬ್ಲ್ಯಾಕ್ ಎಲ್ಕ್ ಹೆಸರಿಟ್ಟರು. ಪಾರ್ಕ್‌ನ ಹೆಸರು ಮಾತ್ರ ಇನ್ನೂ ಕಸ್ಟರ್ ಅಂತಲೇ ಇದೆ. ಅಮೆರಿಕ ಸರ್ಕಾರದ ಜೊತೆಗಿನ 1868ರ ಒಪ್ಪಂದದ ಪ್ರಕಾರ ಈ ಬೆಟ್ಟಗಳು ಲಕೋಟಾ ಜನರದ್ದಾಗಿದ್ದವು. 1874ರಲ್ಲಿ ಅಮೆರಿಕ ಸೇನೆಯ ಅಧಿಕಾರಿ ಕಸ್ಟರ್ ನಡೆಸಿದ ದಂಡು ಫ್ರೆಂಚ್ ಕ್ರೀಕ್‌ನಲ್ಲಿ ಚಿನ್ನ ಕಂಡಿತು, ಅಲ್ಲಿಂದ ಒಪ್ಪಂದ ಮುರಿದುಬಿತ್ತು. ಆ ಫ್ರೆಂಚ್ ಕ್ರೀಕ್ ಇದೇ ಪಾರ್ಕ್ ಒಳಗೆ ಹರಿಯುತ್ತದೆ. ಅಲ್ಲಿ ಟೆಂಟ್ ಹಾಕುವ ಯಾರೇ ಆಗಲಿ ಇಷ್ಟಾದರೂ ತಿಳಿದಿರಬೇಕು ಅಂತ ನನಗೆ ಅನಿಸುತ್ತದೆ.

ಯಾವಾಗ ಹೋಗುವುದು? ನನ್ನ ಮಟ್ಟಿಗೆ ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್ ಮಧ್ಯ. ಜೂನ್‌ನಲ್ಲಿ ಹುಲ್ಲು ಹಸಿರು, ಬೈಸನ್ ಕರುಗಳು ಇನ್ನೂ ಕೆಂಪು ಬಣ್ಣದಲ್ಲಿರುತ್ತವೆ, ಮಳೆ ಸ್ವಲ್ಪ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಶಾಲೆಗಳು ಶುರುವಾಗಿ ಜನ ಕಡಿಮೆ, ಆಸ್ಪೆನ್ ಎಲೆಗಳು ಹಳದಿ ತಿರುಗುತ್ತವೆ, ಮಧ್ಯಾಹ್ನದ ಗುಡುಗು ಮಳೆಯೂ ಇಳಿದಿರುತ್ತದೆ. ಸೆಪ್ಟೆಂಬರ್ ಕೊನೆಯ ಶುಕ್ರವಾರ ಬಫಲೋ ರೌಂಡಪ್ ನಡೆಯುತ್ತದೆ, ಇಡೀ ಹಿಂಡನ್ನು ಕುದುರೆ ಸವಾರರು ಅಟ್ಟಿಕೊಂಡು ಬರುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಅದನ್ನು ನೋಡಲೇಬೇಕು ಅನ್ನುವವರು ಸೈಟ್ ಅನ್ನು ತಿಂಗಳುಗಟ್ಟಲೆ ಮುಂಚೆ ಹಿಡಿದಿರಬೇಕು. ನೋಡದವರು ಅದರ ಹಿಂದಿನ ವಾರ, ಸೋಮವಾರದಿಂದ ಗುರುವಾರದ ನಡುವೆ ಸಿಲ್ವನ್ ಲೇಕ್‌ನಲ್ಲಿ ಎರಡು ರಾತ್ರಿ ಸಿಗುತ್ತದೆಯೇ ನೋಡಿ, ಸಿಗದಿದ್ದರೆ ಸೆಂಟರ್ ಲೇಕ್. ಅಕ್ಟೋಬರ್‌ಗೆ ಮುಂದೂಡಬೇಡಿ, ಹಿಮ ಬಿದ್ದ ಮೇಲೆ ನೀಡಲ್ಸ್ ಹೈವೇಯನ್ನು ಚಳಿಗಾಲ ಕಳೆಯುವವರೆಗೆ ಮುಚ್ಚಿಬಿಡುತ್ತಾರೆ.